ಬೇವಿನ ಟೊಂಗೆಗೆ ತೂಗಿದ ಕೊಕ್ಕೆ

ಇವತ್ತು ಮುಂಜಾನೆ ಕೊಕ್ಕೆಗೆ ಎಣ್ಣೆ ಹಚ್ಚುವಾಗ ಕಬ್ಬಿಣದ ಆ ಹುಳಿವಾಸನೆ ಮೂಗಿಗೆ ಬಂತು ನೋಡ್ರಿ, ಮಾಬೂಸಾಬ ನೆನಪಾದ. ಚೀಲ ಎತ್ತುವ ಹಮಾಲರ ಕೊಕ್ಕೆ ನೀವು ಕಂಡಿರಬಹುದು, ಬಾಗಿದ ಬೆರಳಿನಂಥದ್ದು. ನಾಕನೇ ಇಯತ್ತೆಗೇ ಸಾಲಿ ಬಿಟ್ಟು ನರಗುಂದದ ಕಾಳಿನ ಪೇಟೆಗೆ ಬಂದವ ನಾನು. ಅಕ್ಷರ ಕಡಿಮೆ, ಸೊಕ್ಕು ಮಾತ್ರ ಚೀಲಗಟ್ಟಲೆ. ನನ್ನ ಕೊಕ್ಕೆಯನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಕಸ ಗುಡಿಸುವಾಗ ಹೆಂಡತಿ ಸರಿಸಿದರೂ ನನ್ನ ಮುಖ ಊದುತ್ತಿತ್ತು.

ಒಂದು ವರ್ಷ ಉಳ್ಳಾಗಡ್ಡಿ ದರ ನೆಲ ಕಚ್ಚಿತು. ರೈತರು ಬೆಳೆಯನ್ನು ಹೊಲದಾಗೇ ಬಿಟ್ಟರು, ಪೇಟೆ ಬಿಕೋ ಅಂದಿತು. ದರ ಬಿದ್ದದ್ದು ರೋಣದಾಗೂ ಖರೇ, ಗಜೇಂದ್ರಗಡದಾಗೂ ಖರೇ. ಆದರೆ ಗಜೇಂದ್ರಗಡದವರಿಗೆ ಮಗ್ಗದ ಕೆಲಸವಿತ್ತು. ರೋಣದವರು ಪಾಳಿ ಹಂಚಿಕೊಂಡಿದ್ದರು. ನಮ್ಮ ಪೇಟೆ ಗೇಟಿನಾಗ ಮಾತ್ರ ಹಮಾಲರ ಎರಡು ತಂಡ, ನಮ್ಮದೊಂದು, ಕೊಣ್ಣೂರಿನವರದೊಂದು, ಕೆಲಸವಿಲ್ಲದೆ ಎದುರುಬದುರು ನಿಂತಿದ್ದವು. ಜಗಳಕ್ಕೂ ಒಂದು ಜಾಗ ಬೇಕಲ್ಲ, ಅಲ್ಲೇ ಬಂದು ಇಳಿಯಿತು.

ಮಧ್ಯಾಹ್ನ ಒಂದೇ ಒಂದು ಲಾರಿ ಬಂತು. ಕೊಣ್ಣೂರಿನ ದ್ಯಾಮಣ್ಣ ಮೊದಲು ಹತ್ತಿದ. ನನ್ನ ಜೋಡಿ ಒಂದೇ ಗಂಗಾಳದಾಗ ಉಂಡ ಗೆಳೆಯ. ಅವನ ಅಂಗಿ ಹಿಡಿದೆಳೆದು ಕೊಕ್ಕೆ ಎತ್ತಿದೆ.

ನಡುವೆ ಬಂದವ ಮಾಬೂಸಾಬ, ನಮ್ಮೆಲ್ಲರಿಗಿಂತ ಹಿರಿಯ ಹಮಾಲ. “ಹೊಡಿಯಪಾ, ಹೊಡಿ. ಮದಲ ಇಷ್ಟ ಹೇಳು, ದರಾ ಇಂವ ಇಳಿಸ್ಯಾನೇನು?”

ಎತ್ತಿದ ಕೊಕ್ಕೆಯನ್ನು ಕೆಳಗಿಳಿಸಿದೆ. ಅವ ತನ್ನ ಕೊಕ್ಕೆಯನ್ನು ಗೇಟಿನ ಬೇವಿನ ಟೊಂಗೆಗೆ ತೂಗುಹಾಕಿದ. “ಎಲ್ಲಾರೂ ಹಾಕ್ರಿ. ಇಳಿಸೂಮುಂದ ಆ ಕಡೆ ತಂಡದವರದು ತಗೋರಿ. ಕೊಕ್ಕಿ ಯಾರದೋ, ಅವರೇ ನಿಮ್ಮ ಜೋಡಿ.”

ನನಗೆ ಸಿಕ್ಕಿದ್ದು ದ್ಯಾಮಣ್ಣನದೇ. ಹಿಡಿಕೆಗೆ ಅವನ ಹೆಂಡತಿಯ ಹಳೆ ಸೀರೆಯ ಅಂಚು ಸುತ್ತಿತ್ತು, ಬೆವರಿಗೆ ಮೆತ್ತಗಾಗಿತ್ತು. ಚೀಲದ ಆ ತುದಿಯಿಂದ ಅವ ಅಂದ: “ಸಾವಕಾರ್ರ, ಒಂದೀಟು ಬಗ್ರಿ. ಬರೇ ಮೀಸಿಯಿಂದ ಚೀಲ ಏಳೂದಿಲ್ಲ.” ಗೇಟಿಗೆ ಗೇಟೇ ನಕ್ಕಿತು. ನಾನೂ ನಕ್ಕೆ, ತುಸು ತಡವಾಗಿ. ಕೂಲಿ ಅರ್ಧವಾಯಿತು, ಆದರೆ ಎರಡೂ ಮನೆಯ ಒಲೆ ಹೊತ್ತಿದವು.

ಈಗ ಮಾಬೂಸಾಬ ಇಲ್ಲ. ಇವತ್ತು ಹೆಸರಿನ ಕಾಳಿನ ದರ ಕುಸಿದಿದೆ ಎಂದು ಫೋನು ಹೇಳಿತು. ಪೇಟೆಗೆ ಹೋದರೆ ಎರಡೂ ತಂಡದ ದನಿ ಏರುತ್ತಿತ್ತು, ಒಬ್ಬನ ಕೈ ಆಗಲೇ ಇನ್ನೊಬ್ಬನ ಕೊರಳಪಟ್ಟಿಗೆ ಬಂದಿತ್ತು. ಹಿರಿಯನೆಂದರೆ ಈಗ ನಾನೇ. ಹೊಸದಾಗಿ ಎಣ್ಣೆ ಕಂಡ ಕೊಕ್ಕೆಯನ್ನು ಟೊಂಗೆಗೆ ಹಾಕಿದೆ. ಎದೆ ಚುರ್ ಎಂದಿತು, ಸುಳ್ಳು ಯಾಕೆ? ಒಂದು ಗಳಿಗೆ ಅದೊಂದೇ ತೂಗುತ್ತಿತ್ತು. ಆಮೇಲೆ ನರೆತ ದ್ಯಾಮಣ್ಣ ಬಂದು ತನ್ನದನ್ನು ಪಕ್ಕಕ್ಕೆ ಹಾಕಿದ: “ಅಂತೂ ಕಲ್ತಿ ನೋಡಪಾ, ಸಾವಕಾರ.”

ಕೊರಳಪಟ್ಟಿಯ ಕೈ ಸಡಿಲಾಯಿತು. ಒಂದೊಂದಾಗಿ ಉಳಿದ ಕೊಕ್ಕೆಗಳೂ ಟೊಂಗೆ ಏರಿದವು.

ಲಾರಿ ಬಂತು. ನನ್ನ ಕೊಕ್ಕೆ ಯಾರು ಒಯ್ದರೋ ನೋಡಲಿಲ್ಲ. ಆ ಕಡೆಯವರದೊಂದು ಕೈಗೆ ಸಿಕ್ಕಿತು, ಎತ್ತಿ ಹಿಡಿದು ಕೂಗಿದೆ:

“ಇದು ಯಾರದ್ರೋ? ಲಗೂ ಬರ್ರಿ, ಚೀಲ ಕಾಯಾಕತ್ತಾವ!”