ಯಾವ ಭಾಗದಿಂದ ಶುರು ಮಾಡಲಿ, ಅಕ್ಕಾ?

ಬೆಳಗಿನ ಐದಕ್ಕೆ ಹತ್ತು ನಿಮಿಷ ಇರುವಾಗ ಅಕ್ಕ ಹದಿನಾಲ್ಕು ಮೆಟ್ಟಿಲು ಇಳಿದು ನೆಲಮಾಳಿಗೆಯ ಅಂಗಡಿಯ ಷಟರ್ ಎತ್ತುತ್ತಾರೆ. ಮೇಲೆ ಬೀದಿದೀಪಗಳು ಇನ್ನೂ ಆರಿಲ್ಲ. ಕೆಳಗೆ, ಗಲ್ಲಾದ ಪಕ್ಕದ ಹಳೆಯ ಕಂಪ್ಯೂಟರಿಗೆ ಜೀವ ಬಂದೊಡನೆ ಅಲ್ಲಿ ಬೇರೆಯದೇ ಸೂರ್ಯ ಹುಟ್ಟುತ್ತಾನೆ: ಹಸಿರು ಬಯಲು, ಒಂದು ಪುಟ್ಟ ಕೋಟೆ, ಕುದುರೆಯ ಮೇಲೆ ಒಬ್ಬ ನಾಯಕ. ಅವನು ಅಲ್ಲಾಡುವುದಿಲ್ಲ. ಅಕ್ಕ ಸ್ವೆಟರ್ ಕಳಚಿ, ಕನ್ನಡಕ ಒರೆಸಿಕೊಂಡು ಮೌಸ್ ಮುಟ್ಟುವ ತನಕ ಆ ಲೋಕದಲ್ಲಿ ಒಂದು ಎಲೆಯೂ ಉದುರುವುದಿಲ್ಲ.

ಇದು ಹಳೆಯ ಗೇಮ್ ಡಿಸ್ಕ್‌ಗಳನ್ನು ಕೊಂಡು ಮಾರುವ ಅಂಗಡಿ. ಐವತ್ತಾರರ ಅಕ್ಕ ಇಲ್ಲಿ ಹನ್ನೊಂದು ವರ್ಷದಿಂದ ನೌಕರಿಯಲ್ಲಿದ್ದಾರೆ. ಹಿಂದಿನ ದಿನ ಬಂದ ಡಿಸ್ಕ್‌ಗಳನ್ನು ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಒರೆಸಿ, ಒಂದೊಂದನ್ನೂ ಆಡಿ ನೋಡುವುದು ಬೆಳಗಿನ ಕೆಲಸ. ದಿನಕ್ಕೆ ಏಳೆಂಟು. ಅದರಲ್ಲಿ ಎರಡಾದರೂ ‘ಕಂಚಿನ ಕೋಟೆ’ ಇದ್ದೇ ಇರುತ್ತವೆ.

‘ಕಂಚಿನ ಕೋಟೆ’ ಸರದಿಯ ಆಟ. ನೀವು ನಿಮ್ಮ ನಡೆ ಮುಗಿಸುವ ತನಕ ಶತ್ರು ಕಾಯುತ್ತಾನೆ. ಅವನು ನಡೆಸುವಾಗ ನೀವು ಕಾಯುತ್ತೀರಿ. ಗಣಿ ಹಿಡಿಯಬೇಕು, ಗೋಪುರ ಕಟ್ಟಬೇಕು, ರೆಕ್ಕೆಯ ಸಿಂಹಗಳನ್ನು ಸೈನ್ಯಕ್ಕೆ ಸೇರಿಸಬೇಕು. ಅಲ್ಲಿಯೂ ಏಳು ದಿನಕ್ಕೊಂದು ವಾರ. ವಾರ ತುಂಬಿದಾಗ ಕೋಟೆಗೆ ಹೊಸ ಸೈನ್ಯ ಬರುತ್ತದೆ, ಡಿಸ್ಕ್‌ನಲ್ಲಿ ಗೀರಿದ್ದರೆ ಆಟ ಸರಿಯಾಗಿ ಅಲ್ಲೇ ಮುಗ್ಗರಿಸುತ್ತದೆ. ಹಾಗಾಗಿ ಅಕ್ಕ ಪ್ರತಿ ಡಿಸ್ಕ್‌ನಲ್ಲೂ ಒಂದು ವಾರ ಬದುಕಿ ಎದ್ದುಬರುತ್ತಾರೆ. ಹನ್ನೊಂದು ವರ್ಷಕ್ಕೆ ಆರು ಸಾವಿರಕ್ಕೂ ಮಿಕ್ಕಿದ ಮೊದಲನೇ ವಾರಗಳು. ಆ ರಾಜ್ಯಗಳ ಮಂಜು, ಇನ್ನೂ ಯಾರೂ ತುಳಿಯದ ದಾರಿ, ಯುದ್ಧದ ಸುದ್ದಿಯೇ ತಲುಪದ ಹಳ್ಳಿ ಎಲ್ಲವೂ ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಅವು ಹೇಗೆ ಮುಗಿಯುತ್ತವೆ ಎಂಬುದು ಮಾತ್ರ ಗಿರಾಕಿಗಳ ಬಾಯಿಂದ ಕೇಳಿದ್ದು.

“ಏನಕ್ಕಾ, ಎರಡನೇ ವಾರ ಯಾವಾಗ ನೋಡ್ತೀರಿ?” ರಾತ್ರಿ ಪಾಳಿ ಮುಗಿಸಿ, ತೋಳಿನ ಹಿಟ್ಟು ಕೊಡವುತ್ತ ಇಳಿದುಬರುವ ಬೇಕರಿಯವನು ಕೆಣಕುತ್ತಾನೆ.

“ನೀನು ಹೋದ ತಿಂಗಳು ತಗೊಂಡು ಹೋದ ಡಿಸ್ಕ್ ವಾಪಸ್ ತಂದ ಮೇಲೆ ನೋಡ್ತೀನಪ್ಪ.”

ಪಾಳಿ ಮುಗಿಸಿ ಮನೆಗೆ ಹೋಗುವವರಿಗಾಗಿಯೇ ಅಂಗಡಿ ಇಷ್ಟು ಬೇಗ ತೆರೆಯುವುದು. ಹತ್ತು ಗಂಟೆಯೊಳಗೆ ಮೂವತ್ತು ನಲವತ್ತು ಜನ. ಅರ್ಧಕ್ಕರ್ಧ ಜನರದು ಒಂದೇ ಪ್ರಶ್ನೆ: ‘ಕಂಚಿನ ಕೋಟೆ’ ಏಳು ಭಾಗ ಇವೆಯಲ್ಲ, ಯಾವುದರಿಂದ ಶುರು ಮಾಡಲಿ?

ಅಕ್ಕನಿಗೆ ಆ ಏಳೂ ಒಂದೇ ಮನೆಯ ಜನ. “ಒಂದನೇದು ತಾತ. ನಿಧಾನ, ಕಣ್ಣು ಮಂಜು, ಆದ್ರೆ ಮಾತಿಗೆ ತಪ್ಪಲ್ಲ. ಎರಡನೇದು ನಡುವಿನ ಮಗು, ಯಾರೂ ವಿಚಾರಿಸಲ್ಲ. ಮೂರನೇದು ಮನೆಯೋರೆಲ್ಲರ ಮುದ್ದು. ನಾಲ್ಕನೇದನ್ನ ಬೈಯೋರೇ ಜಾಸ್ತಿ, ಆಡಿದೋರು ಕಮ್ಮಿ. ಐದನೇದು ಚೆಂದ, ಸ್ವಲ್ಪ ತಲೆ ಬೇಕು. ಆರನೇದು ಜಗಳಗಂಟಿ. ಏಳನೇದು ಹೊಸ ಸೊಸೆ. ಮಿರಮಿರ ಅಂತಾಳೆ, ಸ್ವಭಾವ ಇನ್ನೂ ಗೊತ್ತಾಗಿಲ್ಲ.”

ದಾರಿ ಹೇಳುವುದು ಅವರಿಗೆ ಹೊಸದಲ್ಲ. ಹತ್ತೊಂಬತ್ತು ವರ್ಷ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತಿದ್ದವರು. ಒಂದು ಸೋಮವಾರ ಹೋಗಿ ನೋಡಿದರೆ ಕಿಟಕಿಯ ಜಾಗದಲ್ಲಿ ಮುಟ್ಟಿದರೆ ಉತ್ತರ ಹೇಳುವ ಪರದೆ. ಆಮೇಲೆ ಎರಡು ವರ್ಷ ಒಂದು ಲಾಂಡ್ರಿಯಲ್ಲಿ ದುಡಿದರು. ಬಿಸಿ ಹಬೆಗೆ ಬೆರಳ ತುದಿಯ ಚರ್ಮ ಸುಲಿದು ಇವತ್ತಿಗೂ ನುಣುಪಾಗಿಯೇ ಉಳಿದಿದೆ. ಡಿಸ್ಕ್ ಹಿಡಿಯಲು ಅದೇ ಒಳ್ಳೆಯದಾಯಿತು, ಗುರುತು ಬೀಳುವುದಿಲ್ಲ ಎಂದು ನಗುತ್ತಾರೆ. “ಎಲ್ಲಿಗೆ ಹೋಗ್ಬೇಕು ಅಂತ ಜನ ನೇರವಾಗಿ ಹೇಳಲ್ಲ. ಬಸ್ ಎಷ್ಟೊತ್ತಿಗೆ ಅಂತ ಕೇಳ್ತಾರೆ. ನಾವೇ ಬಾಯಿ ಬಿಡಿಸ್ಬೇಕು.”

ಆದ್ದರಿಂದ ಡಿಸ್ಕ್ ಕೊಡುವ ಮುಂಚೆ ಅವರದು ಮೂರು ಪ್ರಶ್ನೆ. ಏನು ಕೆಲಸ ಮಾಡ್ತೀರಿ? ಎಷ್ಟು ಹೊತ್ತು ಕೂರ್ತೀರಿ? ಪಕ್ಕದಲ್ಲಿ ಯಾರಿರ್ತಾರೆ?

ನಾಲ್ಕನೆಯದೊಂದು ಸೇರಿದ್ದು ಈ ವರ್ಷ, ಒಂದು ತಪ್ಪಿನಿಂದ.

ರಾತ್ರಿ ಪಾಳಿಯ ನರ್ಸ್ ಒಬ್ಬಳು ಬಂದು ನಿಂತಳು. ಅವಳ ಅಪ್ಪ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು. ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಗಿದೆ. ಎಡಗೈಲಿ ಆಡುವಂಥದ್ದು, ಇಬ್ಬರು ಕೂಡಿ ಆಡುವಂಥದ್ದು ಬೇಕು. ಅಕ್ಕ ಮೂರು ಪ್ರಶ್ನೆ ಕೇಳಿದರು, ಲೋಕವೆಲ್ಲ ಹೊಗಳುವ ಮೂರನೇ ಭಾಗವನ್ನು ಕೊಟ್ಟು ಕಳಿಸಿದರು.

ಮೂರು ವಾರಕ್ಕೆ ನರ್ಸ್ ವಾಪಸ್ ಬಂದಳು. ಮುಖದಲ್ಲಿ ನಿದ್ದೆಯಿಲ್ಲ.

“ಚೆನ್ನಾಗಿ ಆಡ್ತಾರೆ ಅಕ್ಕ. ನನ್ನ ಎರಡು ಕೋಟೆ ಕಿತ್ಕೊಂಡ್ರು. ಆದ್ರೆ ಮಾತೇ ಇಲ್ಲ.”

“ಮಾತು ಹೋಗಿದೆಯಾ?”

“ಹೋಗಿಲ್ಲ, ಅದೇ ಸಂಕಟ. ತೊದಲುತ್ತೆ ಅಂತ ನಾಚಿಕೆ. ನಾಲ್ಕು ತಿಂಗಳಿಂದ ಬಾಯಿಗೆ ಬೀಗ. ಮಾತಾಡದೆ ಹೀಗೇ ಬಿಟ್ರೆ ಇರೋ ಮಾತೂ ಹೋಗುತ್ತೆ ಅಂದಿದ್ದಾರೆ ಡಾಕ್ಟರು. ಜೊತೆಗೆ ಆಡಿದ್ರೆ ಒಂದು ಮಾತಾದ್ರೂ ಬರುತ್ತೇನೋ ಅಂತ ತಗೊಂಡಿದ್ದೆ.”

ಯಾತಕ್ಕೆ ಎಂದು ತಾನು ಕೇಳಲೇ ಇಲ್ಲವಲ್ಲ ಎಂದು ಅಕ್ಕನಿಗೆ ಆಗ ಹೊಳೆಯಿತು. “ಇವರು ಆಡೋಕೆ ಬಂದಿರ್ಲಿಲ್ಲ, ನಾನು ಆಟ ಕೊಟ್ಟು ಕಳ್ಸಿದ್ದೆ,” ಎನ್ನುತ್ತಾರೆ ಈಗ.

ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಸರದಿಯಂತೆ ಆಡುವಾಗ ಒಬ್ಬರ ನಕ್ಷೆ ಇನ್ನೊಬ್ಬರು ನೋಡುವಂತಿಲ್ಲ. ಅಪ್ಪ ನಡೆಸುವಾಗ ಮಗಳು ಎದ್ದು ಅಡುಗೆಮನೆಗೆ ಹೋಗಬೇಕು. ಮೂರನೇ ಭಾಗದಲ್ಲಿ ಸರದಿ ಮುಗಿದೊಡನೆ ಟಣ್ ಎಂದು ಗಂಟೆ ಹೊಡೆಯುತ್ತದೆ. ಮಗಳು ಬರುತ್ತಾಳೆ. ಯಾರೂ ಯಾರನ್ನೂ ಕರೆಯಬೇಕಾಗಿಲ್ಲ. ಎರಡನೇ ಭಾಗದಲ್ಲಿ ಗಂಟೆ ಇಲ್ಲ. ಪರದೆ ಸುಮ್ಮನೆ ಕಪ್ಪಾಗಿ ನಿಲ್ಲುತ್ತದೆ. ಒಳಗೆ ಕಾಯುತ್ತಿರುವವರಿಗೆ ತಿಳಿಯುವುದೇ ಇಲ್ಲ. ಆಟದ ಪಂಡಿತರೆಲ್ಲ ಆಗ ಇದನ್ನೇ ದೊಡ್ಡ ಕೊರತೆ ಎಂದು ಬೈದಿದ್ದರು.

ಅಕ್ಕ ಕಪಾಟಿನ ಕೆಳಗಿನ ಸಾಲಿನಿಂದ ಎರಡನೇ ಭಾಗ ತೆಗೆದು, ಒರೆಸಿ, ಕೈಗಿಟ್ಟರು.

“ಇದು ಹಳೇದಲ್ವಾ ಅಕ್ಕ? ಬಣ್ಣಾನೂ ಸರಿಯಿಲ್ಲ.”

“ಬಣ್ಣ ಇಲ್ಲದಿದ್ರೆ ಏನಂತೆ. ನೀವು ಅಡುಗೆಮನೇಲಿ ಕೂತಿರಿ. ಮೇಜು ಕುಟ್ಟಿದ್ರೆ ಹೋಗ್ಬೇಡಿ. ಲೋಟ ಬೀಳ್ಸಿದ್ರೂ ಹೋಗ್ಬೇಡಿ. ಬಾಯಿಬಿಟ್ಟು ಕರೆದ್ರೆ ಮಾತ್ರ ಹೋಗಿ.”

“ಅಷ್ಟು ಕಲ್ಲುಮನಸ್ಸು ನಂಗಿಲ್ಲ.”

“ಇಲ್ದಿದ್ರೆ ನಂದನ್ನ ಎರಡು ದಿನಕ್ಕೆ ಸಾಲ ತಗೊಳ್ಳಿ.”

ಮುಂದಿನದನ್ನು ಅಕ್ಕ ಕಣ್ಣಾರೆ ಕಂಡವರಂತೆ ಹೇಳುತ್ತಾರೆ. ಮೊದಲ ದಿನ ಅರ್ಧ ಗಂಟೆ ಸದ್ದಿಲ್ಲ, ಆಮೇಲೆ ಮೇಜಿನ ಮೇಲೆ ಗುದ್ದು. ಮಗಳು ಸೆರಗು ಕಚ್ಚಿಕೊಂಡು ಕೂತಳು. ಕಪ್ಪು ಪರದೆಯ ಮುಂದೆ ಅಪ್ಪ, ಗೋಡೆಯ ಈಚೆ ಮಗಳು, ಅವರಿಬ್ಬರ ನಡುವೆ ಎಲ್ಲ ಕುದುರೆಗಳೂ ಎತ್ತಿದ ಕಾಲು ಕೆಳಗಿಡದೆ ನಿಂತಿವೆ. ಎರಡನೇ ದಿನವೂ ಹಾಗೆಯೇ. ಅಪ್ಪ ಕುರ್ಚಿಯಲ್ಲೇ ನಿದ್ದೆಹೋದ ಮೇಲೆ ಮಗಳು ಬಂದು ತನ್ನ ಸರದಿ ಆಡಿಟ್ಟಳು. ಮೂರನೇ ದಿನ ಅವರು ಮಗಳ ಕೋಟೆಯ ಬಾಗಿಲಿಗೇ ಸೈನ್ಯ ತಂದು ನಿಲ್ಲಿಸಿದ್ದರು. ಗೆಲುವು ಒಂದು ನಡೆಯ ದೂರದಲ್ಲಿ, ಆದರೆ ಮಗಳು ತನ್ನ ಸರದಿ ಆಡದೆ ಅದು ಕೈಗೆ ಬರುವಂತಿಲ್ಲ.

“ಕ... ಕತ್ತೆ! ಬಾ... ಬಾರೇ!”

“ನಾಲ್ಕು ತಿಂಗಳಾದ್ಮೇಲೆ ಬಂದ ಮೊದಲ ಮಾತು ನೋಡಿ,” ಅಕ್ಕ ನಗುತ್ತಲೇ ಕನ್ನಡಕ ತೆಗೆಯುತ್ತಾರೆ. “ಆ ಹುಡುಗಿ ಇಲ್ಲೇ, ಈ ಸ್ಟೂಲ್ ಮೇಲೆ ಕೂತು ಅತ್ತು ಅತ್ತು ಹೇಳಿದ್ಲು. ಅಪ್ಪ ನನ್ನ ಕತ್ತೆ ಅಂದ್ರು ಅಂತ ಅಷ್ಟು ಖುಷಿಪಟ್ಟೋರನ್ನ ನಾನಂತೂ ನೋಡಿಲ್ಲ.”

ಈಗ ಪ್ರತಿ ಗಿರಾಕಿಗೂ ನಾಲ್ಕು ಪ್ರಶ್ನೆ. ಕೊನೆಯದನ್ನು ಅಕ್ಕ ಡಿಸ್ಕ್ ಕೈಯಲ್ಲೇ ಇಟ್ಟುಕೊಂಡು ಕೇಳುತ್ತಾರೆ: ಯಾತಕ್ಕೆ? ಕೆಲವರು ಸಿಡುಕುತ್ತಾರೆ. ಕೆಲವರು ಸ್ಟೂಲ್ ಎಳೆದುಕೊಳ್ಳುತ್ತಾರೆ.

ಆರೂವರೆಯ ಹೊತ್ತಿಗೆ ಮೆಟ್ಟಿಲ ಮೇಲೆ ಬಿಳಿ ಶೂಗಳು ಕಾಣಿಸುತ್ತವೆ. ಪಾಳಿ ಮುಗಿಸಿದ ನರ್ಸ್. ನಿನ್ನೆ ಒಂದೇ ದಿನ ಅಪ್ಪ ಇಪ್ಪತ್ತಾರು ಸಲ ಕೂಗಿದರಂತೆ, ಅದರಲ್ಲಿ ಒಂಬತ್ತು ಬರೀ ಬೈಗುಳವಂತೆ, ಪಕ್ಕದ ಮನೆಯವರು ಬಂದು ವಿಚಾರಿಸಿದರಂತೆ. ಅವಳು ಕಪಾಟಿನತ್ತ ಕೈ ಚಾಚಿ ಒಂದು ಡಿಸ್ಕ್ ತೆಗೆಯುತ್ತಾಳೆ.

“ಎರಡನೇದು ಪೂರ್ತಿ ಪಳಗಿಬಿಟ್ಟಿದೆ ಅವರಿಗೆ. ನಾಲ್ಕನೇದು ಕೊಡ್ತೀರಾ ಅಕ್ಕ?”

ಅಕ್ಕ ಅವಳ ಕೈಯಿಂದ ಡಿಸ್ಕ್ ಮೆಲ್ಲಗೆ ಬಿಡಿಸಿಕೊಂಡು ಮತ್ತೆ ಸಾಲಿನಲ್ಲಿಡುತ್ತಾರೆ.

“ಬೇಡಮ್ಮ. ಅದ್ರಲ್ಲಿ ಗಂಟೆ ಇದೆ. ಇನ್ನೊಂದಷ್ಟು ದಿನ ಕೂಗ್ಲಿ ಬಿಡಿ.”