ಗೋಲ್‌ಕೀಪರನ ಜಾಗ

ಎರಡು ಸಾವಿರದ ಇಸವಿಯ ಆಚೀಚೆ ನಾನು ಕಾರವಾರದ ಒಂದು ಪತ್ರಿಕೆಗೆ ವರದಿ ಮಾಡುತ್ತಿದ್ದೆ. ಅಂಕೋಲೆ ಹತ್ತಿರದ ಮೀನುಗಾರರ ಕೇರಿಯಲ್ಲಿ ದೋಣಿ ಮಗುಚಿ ಮೂವರು ತೀರಿಕೊಂಡಿದ್ದರು. ಎಳೆಯಲು ಜನ ಸಾಲದೆ ಕೇರಿಯ ದೊಡ್ಡ ಬಲೆ ದಡದಲ್ಲೇ ಬಿದ್ದಿತ್ತು. ಊರಿನ ಫುಟ್‌ಬಾಲ್ ಕ್ಲಬ್ಬಿನವರು ಆಟ ಬಿಟ್ಟು ಬಲೆ ಎಳೆಯುತ್ತಿದ್ದಾರೆಂದು ತಿಳಿದು ಒಂದು ಬೆಳಿಗ್ಗೆ ಅಲ್ಲಿಗೆ ಹೋದೆ.

"ಎಲ್ಲರೂ ಜೆರ್ಸಿ ಹಾಕಿ ಸಾಲಾಗಿ ನಿಲ್ಲಿ, ಫೋಟೋ ತೆಗೀತೇನೆ," ಎಂದೆ.

ಹಗ್ಗ ಹಿಡಿದಿದ್ದ ತಂಡದ ನಾಯಕ ನನ್ನತ್ತ ತಿರುಗಲಿಲ್ಲ. "ಈಗ ಕೈ ಬಿಟ್ರೆ ಮೀನು ಹೋಗ್ತದೆ ಸರ್. ನಮ್ಮ ಗೋಲ್‌ಕೀಪರ್ ಈ ಕೇರಿಯವ, ಬಲೆ ಎಳೀವಾಗ ಅವ ನಿಲ್ತಿದ್ದ ಜಾಗ ಅಲ್ಲಿ ಖಾಲಿ ಉಂಟು. ಬಂದು ಹಿಡೀರಿ."

ಸತ್ತ ಮೂವರಲ್ಲಿ ಅವನೂ ಒಬ್ಬ ಎಂದು ನನಗೆ ಆಗಲೇ ಗೊತ್ತಾದದ್ದು. ನಾಚಿಕೆಯಾಗಿ ಕ್ಯಾಮೆರಾ ಬದಿಗಿಟ್ಟು ಹಗ್ಗ ಹಿಡಿದೆ.

ಬಲೆ ದಡ ಸೇರಿದ ಮೇಲೆ ಆಟಗಾರರು ತಮ್ಮ ಪಾಲಿನ ಬಂಗಡೆ ಮೀನನ್ನೆಲ್ಲ ಆ ಮೂರು ಮನೆಯ ಹೆಂಗಸರ ಬುಟ್ಟಿಗೆ ಸುರಿದರು. ನಾನು ಹೊರಟಾಗ ಗೋಲ್‌ಕೀಪರನ ತಾಯಿ ಏಳೆಂಟು ಬಂಗಡೆ ಚೀಲಕ್ಕೆ ಹಾಕಿ ಕೊಟ್ಟರು.

"ಬೇಡ ಅಮ್ಮ, ನಿಮಗೇ ಇರಲಿ."

"ತಗೋ ತಮಾ. ಪಾಲು ಇಟ್ಕೊಳ್ಳಿ ಅಂದ್ರೆ ಈ ಹುಡುಗರಂತೂ ಕೇಳೂದಿಲ್ಲ, ನೀನಾದ್ರೂ ಕೇಳು. ನನ್ನ ಮಗನ ಜಾಗದಲ್ಲಿ ನಿಂತವ ಬರಿಗೈಲಿ ಹೋಗೂದು ಬೇಡ."

ಚೀಲ ತೆಗೆದುಕೊಂಡೆ.

ಬಾಳೆಗುಳಿಯಲ್ಲಿ ಬಸ್ ಹತ್ತಿದಾಗ ಕಂಡಕ್ಟರ್ ಮೀನಿನ ವಾಸನೆಗೆ ಮೂಗು ಮುಚ್ಚಿಕೊಂಡು ಹಿಂದಿನ ಸೀಟು ತೋರಿಸಿದ. ಅಲ್ಲಿ ಕೂತಿದ್ದ ಮೀನು ಮಾರುವ ಹೆಂಗಸರು ನನ್ನ ಚೀಲ ನೋಡಿ, ತಮ್ಮವನೇ ಎಂಬಂತೆ ಸರಿದು ಜಾಗ ಕೊಟ್ಟರು. ನಾನು ಯಾರೆಂದು ಒಬ್ಬರೂ ಕೇಳಲಿಲ್ಲ.