ಬಾಣಂತಿ ಕೋಣೆಯ ಚೆಂಡು

ಶರಣಪ್ಪ, ಆ ಚೆಂಡು ನನ್ನ ಹತ್ತಿರವೇ ಇತ್ತು. ಸುರಪುರದ ನನ್ನ ತವರುಮನೆಯ ಹಿತ್ತಲ ಬಾಗಿಲಲ್ಲಿ ನಿಂತು ನೀನು ಕೇಳಿದಾಗ ಅದು ನನ್ನ ತೊಡೆಯ ಕೆಳಗೆ, ಕೌದಿಯೊಳಗೆ, ಹದಿನೆಂಟು ದಿನದ ನನ್ನ ಮಗಳ ಪಕ್ಕದಲ್ಲಿತ್ತು. ನಾನು ಇಲ್ಲ ಎಂದೆ. ನೀನು ನಂಬಿದೆ.

ಕ್ಷಮಿಸು ಎಂದು ಕೇಳಲು ಈ ಕಾಗದ ಬರೆಯುತ್ತಿಲ್ಲ. ಕೇಳಿದರೆ ನೀನು ಕೂತಲ್ಲೇ ಕ್ಷಮಿಸಿಬಿಡುತ್ತೀ — ನಿನ್ನ ಸ್ವಭಾವ ನನಗೆ ಗೊತ್ತಿಲ್ಲವೇ — ಆಮೇಲೆ ನಾನು ಹೇಳಬೇಕಾದದ್ದು ಅರ್ಧಕ್ಕೇ ನಿಂತುಹೋಗುತ್ತದೆ. ಪೂರ್ತಿ ಓದು. ಮೈದುನ ಎಂಬುದನ್ನು ಸ್ವಲ್ಪ ಹೊತ್ತು ಮರೆತು, ಎದುರು ತಂಡದವನಾಗಿ ಓದು.

ನಿಮ್ಮ ಮನೆಯ ಸೊಸೆಯಾಗುವ ಎಷ್ಟೋ ಮೊದಲು ನಾನು ನಮ್ಮೂರ ಹೈಸ್ಕೂಲಿನ ಫುಟ್‌ಬಾಲ್ ತಂಡದವಳಾಗಿದ್ದೆ. ನಗಬೇಡ. ಏಳನೆಯ ಇಯತ್ತೆ ಮುಗಿದ ಮೇಲೆ ಅಪ್ಪ ಶಾಲೆ ಬಿಡಿಸಿದರು. ಮಾಳಿಗೆ ಬಿಡಿಸಲು ಮಾತ್ರ ಅವರಿಂದ ಆಗಲಿಲ್ಲ. ಹೈಸ್ಕೂಲಿನ ಮೈದಾನ ನಮ್ಮ ಹಿತ್ತಲ ಗೋಡೆಯ ಆಚೆಗೇ ಇತ್ತು. ಮೆಣಸಿನಕಾಯಿ ಒಣಹಾಕುವ ನೆಪ, ಶಾವಿಗೆ ಕಾಯುವ ನೆಪ — ಒಂದಿಲ್ಲೊಂದು ನೆಪ ಮಾಡಿ ದಿನಾ ಸಂಜೆ ಮೇಲೆ ಹತ್ತಿ ಆಟ ನೋಡುತ್ತಿದ್ದೆ. ಡ್ರಿಲ್ ಮಾಸ್ತರರು ಸೀಟಿಯನ್ನು ಎಷ್ಟು ಉದ್ದ ಊದಿದರು ಎಂಬುದರ ಮೇಲೆ, ನೋಡದೆಯೇ, ಅದು ತಪ್ಪಾಟವೋ ಗೋಲೋ ಹೇಳುತ್ತಿದ್ದೆ. ಬಲಬದಿಯಲ್ಲಿ ಓಡುವ ಲತೀಫ ಎಡಗಾಲಿನಲ್ಲಿ ಹೊಡೆಯುವ ಮುಂಚೆ ಒಮ್ಮೆ ತಲೆ ತಗ್ಗಿಸುತ್ತಾನೆ ಎಂಬುದು ಅವನ ತಂಡದವರಿಗೇ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ಸೋತ ದಿನ ಹೊಟ್ಟೆನೋವೆಂದು ಉಣ್ಣದೆ ಮಲಗುತ್ತಿದ್ದೆ.

ಮದುವೆಯಾಯಿತು. ಶಹಾಪುರ ದಾಟಿ, ಭೀಮೆ ದಾಟಿ, ಯಾದಗಿರಿಗೆ ಬಂದೆ. ನನ್ನ ಹೆಸರು ಬದಲಿಸಿದರು, ಸೀರೆ ಉಡುವ ರೀತಿ ತಿದ್ದಿದರು, ಸಾರಿಗೆ ಹುಣಸೆಹಣ್ಣು ಎಷ್ಟು ಎಂಬುದನ್ನೂ ಹೊಸದಾಗಿ ಕಲಿಸಿದರು. ಎಲ್ಲಕ್ಕೂ ಹೂಂ ಎಂದೆ. ಅದೇ ವರ್ಷ ನಮ್ಮ ಸೀಮೆ ಹೈದರಾಬಾದ್ ಬಿಟ್ಟು ಕನ್ನಡ ರಾಜ್ಯಕ್ಕೆ ಸೇರಿತು. ಎಲ್ಲಿ ನೋಡಿದರೂ ಕೂಡುವ ಮಾತು. ಹೆರಿಗೆಗೆ ತವರಿಗೆ ಹೋದಾಗ ಅಪ್ಪ ಪೇಪರು ಮಡಚಿ ಹೇಳಿದ್ದರು: "ಈಗ ಎಲ್ಲಾ ಒಂದ ಆಯ್ತು ನೋಡವ್ವ. ಸುರಪುರ ಏನು, ಯಾದಗಿರಿ ಏನು!"

ಅದಕ್ಕೂ ಹೂಂ ಎಂದೆ. ಒಳಗೆ ಮಾತ್ರ ಹಟ ಹಿಡಿದಿದ್ದೆ. ರಾಜ್ಯ ಕೂಡಲಿ, ಜಿಲ್ಲೆ ಕೂಡಲಿ, ಬೇಡ ಎಂದವರು ಯಾರು? ಆದರೆ ಆ ಹನ್ನೊಂದು ಹುಡುಗರನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ ಎಂದುಕೊಂಡಿದ್ದೆ.

ಆಗಲೇ ಯಾದಗಿರಿ ಹೈಸ್ಕೂಲಿನ ನಿಮ್ಮ ತಂಡ ಕಪ್ಪಿನ ಮ್ಯಾಚಿಗೆ ಸುರಪುರಕ್ಕೆ ಬಂತು. ನೆನಪಿದೆಯಾ — ಬೆಳಿಗ್ಗೆ ನೀನು, ಅತ್ತೆ ಬಾಣಂತಿಗೆಂದು ಕೊಟ್ಟ ಅಂಟಿನುಂಡಿಯ ಡಬ್ಬಿ, ಕೂಸಿನ ತಲೆ ಬೆನ್ನು ಮುಚ್ಚಲು ಹೊಲಿದ ಕೆಂಪು ಕುಂಚಿಗೆ ಹಿಡಿದು ಬಂದಿದ್ದೆ. ಬಾಣಂತಿ ಕೋಣೆಯ ಹೊಸ್ತಿಲು ದಾಟದೆ, ಅವ್ವನ ಕೈಗೆ ಕೊಟ್ಟು, ಹೊರಗಿನಿಂದಲೇ ಕೂಗಿದೆ: "ವೈನಿ, ಇವತ್ತ ನಿಮ್ಮೂರಿಗಿ ಎರಡ ಗೋಲ ಹೊಡೀತೀನ್ರಿ! ಕಾಕಾ ಗೆದ್ದ ಬರ್ತಾನ ಅಂತ ಕೂಸಿಗಿ ಹೇಳ್ರಿ."

"ಮೊದಲ ಗೆಲ್ಲು. ಆಮ್ಯಾಲ ಹೇಳ್ತೀನಿ," ಎಂದೆ ನಾನು. ನೀನು ನಕ್ಕೆ. ಆ ಮ್ಯಾಚಿನ ಮೇಲೆ ನಿನ್ನದು ಏನೇನು ನಿಂತಿದೆ ಎಂಬುದು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಗೊತ್ತಿತ್ತು. ಅಂದು ಚೆನ್ನಾಗಿ ಆಡಿದರೆ ಜಿಲ್ಲೆಯ ತಂಡಕ್ಕೆ ನಿನ್ನನ್ನು ಕಳಿಸುವುದಾಗಿ, ನಾನು ಹೆರಿಗೆಗೆ ಹೊರಡುವ ಮುಂಚೆಯೇ, ನಿಮ್ಮ ಮಾಸ್ತರರು ಮನೆಗೆ ಬಂದು ಮಾವನವರಿಗೆ ಹೇಳಿದ್ದರಲ್ಲ, ಆಗ ಚಹಾ ತಂದಿಟ್ಟವಳು ನಾನೇ.

ಬಾಣಂತಿ ಕೋಣೆ ಒಳಗಿನಿಂದ ಹೇಗಿರುತ್ತದೆ ಎಂದು ಗಂಡಸರಿಗೆ ತಿಳಿಯದು. ಕಿಟಕಿಗೆ ಗೋಣಿಚೀಲ ತುರುಕಿರುತ್ತಾರೆ. ಮಂಚದ ಕೆಳಗೆ ಕೆಂಡ, ತಲೆಗೆ ಬಿಗಿದ ಬಟ್ಟೆ, ಕಿವಿಯಲ್ಲಿ ಹತ್ತಿ. ಮ್ಯಾಚು ಶುರುವಾದ ಸದ್ದಿಗೆ ನಾನು ಮೊದಲು ಕಿವಿಯ ಹತ್ತಿ ಕಿತ್ತೆ. ಆಮೇಲೆ ಗೋಣಿಚೀಲದ ಒಂದು ಮೂಲೆ ಎಳೆದೆ. ಒಂದು ಕಡೆಯ ಗೋಲು ಮಾತ್ರ ಕಂಡಿತು — ಎರಡು ಕಂಬ, ನಡುವೆ ಕಟ್ಟಿದ ಹಗ್ಗ, ಆಚೆ ಗುಂಡುಗಲ್ಲುಗಳ ಮೇಲೆ ಹತ್ತಿ ಕುಳಿತ ಜನ. ನಮ್ಮವರ ಗೋಲು ನಾನು ಆ ಚೀಲ ಎಳೆಯುವಷ್ಟರಲ್ಲೇ ಆಗಿಹೋಗಿತ್ತು. ಕೂಗು ಕೇಳಿಯೇ ಲತೀಫ ಎಂದುಕೊಂಡೆ. ಅವನೇ.

ಅರ್ಧ ಆಟದ ಮೇಲೆ ಬದಿ ಬದಲಾಯಿತು, ನೀನು ನನ್ನ ಕಣ್ಣೆದುರಿಗೆ ಬಂದೆ. ಹೇಳಿಬಿಡುತ್ತೇನೆ ಶರಣಪ್ಪ, ಅಂಥ ಆಟ ನಾನು ಮತ್ತೆ ನೋಡಲಿಲ್ಲ. ಒಮ್ಮೆ ಕಂಬಕ್ಕೆ ಬಡಿಯಿತು. ಇನ್ನೊಮ್ಮೆ ನಮ್ಮ ಗೋಲು ಕಾಯುವ ಹುಡುಗ ಹೊಟ್ಟೆಯ ಮೇಲೆ ಬಿದ್ದು ತಡೆದ. ಇನ್ನೂ ಕಾಲು ಗಂಟೆಯ ಆಟ ಇತ್ತು, ನಮ್ಮ ಹುಡುಗರು ಏದುಸಿರು ಬಿಡುತ್ತಿದ್ದರು, ನೀನು ಮಾತ್ರ ಈಗಷ್ಟೇ ಮೈದಾನಕ್ಕೆ ಇಳಿದವನಂತೆ ಇದ್ದೆ. ಎರಡು ಗೋಲು ಹೊಡೆದೇ ಹೊಡೆಯುತ್ತಿದ್ದೆ. ಕೂಸು ಹಾಲು ಬಿಟ್ಟು ನನ್ನ ಮುಖವನ್ನೇ ನೋಡುತ್ತಿತ್ತು.

ಆಗ ನೀನು ಹೊಡೆದದ್ದು ಹಗ್ಗದ ಮೇಲೆ ಹಾರಿ, ನಮ್ಮ ಗೋಡೆ ದಾಟಿ, ಬಚ್ಚಲ ಚಪ್ಪರಕ್ಕೆ ಬಡಿದು ಒಳಗೆ ಬಿತ್ತು. ಅವ್ವ ನೀರಿಗೆ ಹೋಗಿದ್ದಳು. ಕೋಣೆಯಿಂದ ಬಚ್ಚಲಿಗೆ ಒಂದೇ ಬಾಗಿಲು. ಕೂಸನ್ನು ಮಂಚದ ಮೇಲೆ ಮಲಗಿಸಿ ಬರಿಗಾಲಲ್ಲಿ ಹೋದೆ. ಎತ್ತಿಕೊಂಡೆ. ಅಷ್ಟು ವರ್ಷ ನೋಡಿದ ಚೆಂಡನ್ನು ಮುಟ್ಟಿದ್ದು ಅದೇ ಮೊದಲು. ಬಿಸಿಲಿಗೆ ಬೆಚ್ಚಗಾಗಿತ್ತು, ತೊಗಲಿನ ಹೊಲಿಗೆ ಅಂಗೈಗೆ ಒತ್ತುತ್ತಿತ್ತು. ತಿರುಗಿ ಎಸೆಯಬೇಕೆಂದೇ ಎತ್ತಿದ್ದು — ಕೈ ಮೇಲೆ ಹೋಗಿತ್ತು ಕೂಡ. ಅಷ್ಟರಲ್ಲಿ ಗೋಡೆಯಾಚೆ ಯಾರೋ ಹೇಳಿದ್ದು ಕೇಳಿತು: "ಇನ್ನೊಂದ ಚೆಂಡ ಇಲ್ರಿ ಮಾಸ್ತರ್ರ, ನಿನ್ನೀನೇ ಒಡದದ."

ಕೈ ಕೆಳಗೆ ಬಂತು.

ಒಳಗೆ ಬಂದು ಬಾಗಿಲು ಹಾಕಿದೆ. ದಾರ ಬಿಚ್ಚಿ ಗಾಳಿ ಬಿಟ್ಟೆ. ಬುಸ್ಸೆನ್ನುವ ಸದ್ದಿಗೆ ಕೂಸು ಬೆಚ್ಚಿ ಅತ್ತಿತು. ಚಪ್ಪಟೆಯಾದ ತೊಗಲನ್ನು ಸುತ್ತಲು ಕೈಗೆ ಸಿಕ್ಕಿದ್ದು ಏನು ಗೊತ್ತೇ? ನೀನು ತಂದ ಕುಂಚಿಗೆ. ಅದರಲ್ಲಿ ಸುತ್ತಿ, ಕೌದಿಯೊಳಗೆ ಇಟ್ಟು, ಮೇಲೆ ಕುಳಿತೆ.

ನೀನು ಎಲ್ಲರಿಗಿಂತ ಮೊದಲು ಓಡಿಬಂದೆ. ಬಚ್ಚಲ ಆಚೆಗಿನ ಹಿತ್ತಲ ಬಾಗಿಲಲ್ಲಿ ನಿಂತು, ಏದುಸಿರು ಬಿಡುತ್ತ, "ವೈನಿ, ಚೆಂಡ ಒಳಗ ಬಂದದೇನ್ರಿ?" ಎಂದೆ.

"ಇಲ್ಲಪ್ಪ. ಇಲ್ಲಿ ಯಾವ ಚೆಂಡೂ ಬಂದಿಲ್ಲ."

ಅಷ್ಟೇ. ಒಂದು ಕ್ಷಣವೂ ತಡವರಿಸಲಿಲ್ಲ ನಾನು. ನಿನ್ನ ಹಿಂದೆ ನಿಮ್ಮ ಹುಡುಗರು ಬಂದರು. ನಿಮ್ಮ ಗೋಲು ಕಾಯುವ ಭೀಮರಾಯ, ತಾನು ಕಣ್ಣಾರೆ ಕಂಡೆ, ಈ ಮನೆಗೇ ಬಿದ್ದಿದೆ, ಒಳಗೆ ಹೊಕ್ಕು ನೋಡೋಣ ಎಂದು ಜಗಳಕ್ಕೆ ನಿಂತ. ಆಗ ನೀನು ಬಾಗಿಲಿಗೆ ಅಡ್ಡ ಎರಡೂ ಕೈ ಚಾಚಿದ್ದು ಸಂದಿಯಿಂದ ನನಗೆ ಕಂಡಿತು.

"ಬಾಣಂತಿ ಇರೋ ಮನಿ ಅದ. ಯಾರೂ ಕಾಲಿಡಬ್ಯಾಡ್ರಿ. ನಮ್ಮ ವೈನಿ ಸುಳ್ಳ ಹೇಳಂಗಿಲ್ಲ."

ಕಳ್ಳಿಬೇಲಿ ಹುಡುಕಿದರು, ನೆರೆಮನೆ ಹುಡುಕಿದರು. ಹೊತ್ತು ಗುಡ್ಡದ ಹಿಂದೆ ಹೋಯಿತು. ಮಾಸ್ತರರು ಉದ್ದ ಸೀಟಿ ಊದಿದರು. ಮುಂದಿದ್ದವರೇ ಗೆದ್ದರು ಎಂದಾಯಿತು. ಹೊರಗೆ ನಮ್ಮವರು ಹಲಗೆ ಬಾರಿಸುತ್ತಿದ್ದರು, ಒಳಗೆ ನಾನು ಕೂತಲ್ಲೇ ಕುಣಿದೆ. ಹೌದು, ಕುಣಿದೆ. ಎಳೆ ವಯಸ್ಸು, ಹಸಿ ಮೈ, ಬುದ್ಧಿ ನೆಟ್ಟಗಿರಲಿಲ್ಲ — ಇಂಥದ್ದೊಂದನ್ನೂ ನಾನು ಹೇಳುವುದಿಲ್ಲ. ಬುದ್ಧಿ ನೆಟ್ಟಗೇ ಇತ್ತು. ಮಾಳಿಗೆಯ ಮೇಲೆ ಕಳೆದ ಆ ಎಲ್ಲ ಸಂಜೆಗಳಲ್ಲಿ ನನ್ನ ತಂಡಕ್ಕಾಗಿ ನಾನು ಮಾಡಬಹುದಾಗಿದ್ದ ಒಂದೇ ಒಂದು ಕೆಲಸ ಬಂದಿತ್ತು, ಮಾಡಿದೆ. ಚೆಂಡು ಮುಚ್ಚಿಟ್ಟದ್ದಕ್ಕೆ ಇವತ್ತಿಗೂ ನನಗೆ ನಾಚಿಕೆಯಿಲ್ಲ. ಆ ಸಂಜೆಯ ಸಂತೋಷವನ್ನು ನಿನಗೂ ತಿರುಗಿ ಕೊಡಲಾರೆ.

ಆದರೆ ನಿನ್ನ ಆ ಎರಡು ಕೈ...

ಐದು ತಿಂಗಳ ಕೂಸನ್ನು ಎತ್ತಿಕೊಂಡು ಯಾದಗಿರಿಗೆ ಮರಳಿದಾಗ ನೀನು ಮೈದಾನಕ್ಕೆ ಹೋಗುವುದನ್ನು ಬಿಟ್ಟಿದ್ದೆ. ಇವನು ಆಡಿದರೆ ನಾವು ಆಡುವುದಿಲ್ಲ ಎಂದರಂತೆ ನಿಮ್ಮ ತಂಡದ ಹುಡುಗರು. ಬೀಗರ ಊರು ಗೆಲ್ಲಲೆಂದು ಬೇಕೆಂದೇ ಗೋಡೆ ದಾಟಿಸಿ ಹೊಡೆದ, ಮೇಲೆ ಬಾಗಿಲೂ ಕಾದ ಎಂದರಂತೆ. ಜಿಲ್ಲೆಗೆ ಬೇರೆ ಯಾರೋ ಹೋದರು. ಮರು ವರ್ಷ ನೀನು ಶಾಲೆಯನ್ನೂ ಬಿಟ್ಟು ಮಾವನವರ ಬಟ್ಟೆ ಅಂಗಡಿಯಲ್ಲಿ ಗಜ ಹಿಡಿದು ಕುಳಿತೆ. ಎಲ್ಲವನ್ನೂ ನೋಡಿದೆ. ಚೆಂಡು ಆಗ ನನ್ನ ಟ್ರಂಕಿನ ತಳದಲ್ಲಿ, ನೀನು ಮಲಗುವ ಪಡಸಾಲೆಯ ಗೋಡೆಗೆ ಆತು ಇತ್ತು. ಒಂದು ದಿನ, ಒಂದೇ ಒಂದು ದಿನ ಬಾಯಿ ಬಿಟ್ಟಿದ್ದರೂ ಸಾಕಾಗಿತ್ತು. ಬಿಡಲಿಲ್ಲ. ಸೊಸೆ ಸುಳ್ಳಿ ಎನಿಸಿಕೊಳ್ಳುವ ಭಯ ಇತ್ತು. ನಿನ್ನ ಅಣ್ಣನಿಗೂ ಹೇಳಲಿಲ್ಲ. ಅವರು ತಿಳಿಯದೆಯೇ ಹೋದರು. ನೀನು ನನ್ನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಓಣಿಯೆಲ್ಲ ಸುತ್ತುತ್ತಿದ್ದೆ, ನಾನು ರೊಟ್ಟಿ ಬಡಿಯುತ್ತಿದ್ದೆ.

ಹೀಗೆಯೇ ಮುಗಿದುಹೋಗುತ್ತಿತ್ತೇನೋ. ಮೊನ್ನೆ ಬಸುರಿ ಮೊಮ್ಮಗಳ ಕುಬಸದಲ್ಲಿ ಊಟಕ್ಕೆ ಕೂತಾಗ, ಕೋಲೂರಿಕೊಂಡು ಬಂದ ಆ ಭೀಮರಾಯ ನಾಲ್ಕು ಜನರಿಗೆ ಕೇಳುವಂತೆ ಅಂದ: "ಇಂವಾ ನೋಡ್ರಿ, ಬೀಗರ ಊರಿಗಿ ಮ್ಯಾಚ್ ಬಿಟ್ಟಕೊಟ್ಟಾಂವ!" ಎಲ್ಲರೂ ನಕ್ಕರು. ಐವತ್ತು ವರ್ಷ ದಾಟಿದ ಮಾತಿಗೆ ನೀನೂ ನಕ್ಕೆ, ಎಲೆಯ ಮೇಲಿನ ಹೋಳಿಗೆ ನೋಡುತ್ತ. ಆಮೇಲೆ ಉಣ್ಣಲಿಲ್ಲ. ಅದನ್ನು ಬೇರೆ ಯಾರೂ ಗಮನಿಸಲಿಲ್ಲ. ಸೋತ ದಿನ ಉಣ್ಣದವರನ್ನು ನಾನು ಗುರುತಿಸಬಲ್ಲೆ.

ಬರುವ ಭಾನುವಾರ ಶಹಾಪುರದ ಮಗಳ ಮನೆಯಿಂದ ಮೊದಲ ಬಸ್ಸಿಗೆ ಯಾದಗಿರಿಗೆ ಬರುತ್ತೇನೆ. ಮಗಳಿಗೆ ಎಲ್ಲ ಹೇಳಿದ್ದೇನೆ. ಬೇಡವ್ವ ಎಂದಳು, ಕೇಳಲಿಲ್ಲ. ಸ್ಟೇಷನ್ ರಸ್ತೆಯ ಚಹಾದಂಗಡಿಯ ಬೆಂಚಿನ ಮೇಲೆ ಭೀಮರಾಯ, ನಿಮ್ಮ ತಂಡದ ಉಳಿದಿಬ್ಬರು ಪ್ರತಿ ಭಾನುವಾರ ಕೂಡುತ್ತಾರಂತೆ. ಅವರ ಮುಂದೆ ಚೆಂಡು ಇಡುತ್ತೇನೆ. ತೊಗಲು ಒಣಗಿ ಹಪ್ಪಳದಂತಾಗಿದೆ, ಒಳಗಿನ ರಬ್ಬರು ಪುಡಿಯಾಗಿದೆ, ದಾರ ಮಾತ್ರ ಗಟ್ಟಿ ಇದೆ. ಕುಂಚಿಗೆಯಲ್ಲೇ ಸುತ್ತಿಕೊಂಡು ತರುತ್ತೇನೆ. ಯಾರು ಕದ್ದದ್ದು, ಯಾರು ಸುಳ್ಳು ಹೇಳಿದ್ದು, ಯಾರು ಬರೀ ನಂಬಿದ್ದು — ನನ್ನ ಬಾಯಿಂದಲೇ ಕೇಳಲಿ. ಬೈದರೆ ಬೈಯಲಿ, ನಕ್ಕರೆ ನಗಲಿ.

ನೀನು ತಡೆಯಲು ಬರುತ್ತೀ ಎಂದು ಗೊತ್ತು. ಮನೆತನದ ಮಾತು, ಈ ವಯಸ್ಸಿನಲ್ಲಿ ಯಾಕ್ರಿ ವೈನಿ ಎನ್ನುತ್ತೀ. ಶರಣಪ್ಪ, ಕೇಳು. ಈ ಸಲ ಬಾಗಿಲಿಗೆ ಅಡ್ಡ ನಿಲ್ಲಬೇಡ.